ಮಿತವ್ಯಯದ ದ್ವೀಪವಿಹಾರ

ವಿಹಾರವೆಂಬುದು ಉಳ್ಳವರ ಸೊತ್ತು, ದುಡಿದು ಉಣ್ಣುವವರಿಗೆ ಅದು ಸಲ್ಲದು ಎಂಬ ಭಾವನೆ ನಮ್ಮ ಜನರಲ್ಲಿ ಬಹುಕಾಲದಿಂದ ಬೇರೂರಿದೆ. ದ್ವೀಪವಿಹಾರವೆಂದರಂತೂ ಹೇಳುವುದೇ ಬೇಡ. ನೀಲಿಯ ನೀರು, ಬೆಳ್ಳನೆಯ ಮರಳು, ಬಾಗಿದ ತೆಂಗಿನ ಮರ ಇವುಗಳ ಚಿತ್ರ ಬ್ಯಾಂಕಿನ ಕ್ಯಾಲೆಂಡರಿನಲ್ಲೋ ಮೊಬೈಲಿನ ಜಾಹೀರಾತಿನಲ್ಲೋ ಕಂಡಾಗ, ಅದು ನಮಗಾಗಿ ಅಚ್ಚಾದದ್ದಲ್ಲವೆಂದು ನಾವು ಮುಖ ತಿರುಗಿಸುತ್ತೇವೆ. ಮಲ್ಕಾಜ್‌ಗಿರಿ, ಮೌಲಾಲಿ, ಸೀತಾಫಲಮಂಡಿ, ಕಾಚಿಗುಡಗಳಲ್ಲಿ ನೆಲೆಸಿರುವ ನಮ್ಮ ಕಣ್ಣಿಗೆ ಬೀಳುವ ದ್ವೀಪವೆಂದರೆ ಒಂದೇ: ಹುಸೇನ್ ಸಾಗರದ ನಡುವೆ, 1992ರಲ್ಲಿ ಬುದ್ಧಮೂರ್ತಿಯನ್ನು ನಿಲ್ಲಿಸಿದ ಆ ಬಂಡೆ.

ಆದರೆ ನಿಜವಾದ ಕಡಲ ದ್ವೀಪವೊಂದನ್ನು ಮಿತವಾದ ಖರ್ಚಿನಲ್ಲಿ ಕಂಡು, ಒಂದು ಹಗಲನ್ನು ಹೆಂಡತಿ ಮಕ್ಕಳೊಡನೆ ಅಲ್ಲಿ ಕಳೆದು ಬರುವುದು ನಮ್ಮಂಥವರಿಗೂ ಸಾಧ್ಯವೆಂದು ತೋರಿಸುವುದೇ ಈ ಲೇಖನದ ಉದ್ದೇಶ. ಅದಕ್ಕಾಗಿ ಸಾಲ ಮಾಡಬೇಕಾಗಿಲ್ಲ, ಪರದೇಶಕ್ಕೆ ಹೋಗಬೇಕಾಗಿಲ್ಲ. ಇಲ್ಲಿನ ಹೋಟೆಲುಗಳಲ್ಲಿ ದುಡಿಯುವ ನಮ್ಮವರಲ್ಲಿ ಬಹುಮಂದಿ ಯಾವ ಕರಾವಳಿಯನ್ನು ಬಿಟ್ಟು ಬಂದಿದ್ದಾರೋ, ಆ ಕರಾವಳಿಯ ಎದುರಿನಲ್ಲಿಯೇ ಅಂಥ ದ್ವೀಪವಿದೆ. ಬೇಕಾಗಿರುವುದು ಮೂರೇ ಮೂರು: ಮುಂಚಿತವಾಗಿ ಗೊತ್ತುಮಾಡಿಕೊಂಡ ರಜೆ, ವರ್ಷವಿಡೀ ಸ್ವಲ್ಪ ಸ್ವಲ್ಪವಾಗಿ ಕೂಡಿಟ್ಟ ಹಣ, ಋತುಮಾನದ ತಿಳಿವಳಿಕೆ. ಇವುಗಳನ್ನು ಒಂದೊಂದಾಗಿ ವಿವೇಚಿಸೋಣ.

ರಜೆ ಯಾರೊಬ್ಬರ ದಾನವಲ್ಲ

ಮೊದಲನೆಯ ಮಾತು ರಜೆಯದು. ದೋಸೆಯ ಕಲ್ಲಿನ ಮುಂದೆ ಬೆಳಗಿನ ನಾಲ್ಕಕ್ಕೆ ನಿಲ್ಲುವ ಭಟ್ಟರಿಗೂ, ರಾತ್ರಿ ಕೊನೆಯ ಮೇಜನ್ನು ಒರೆಸಿ ಮಲಗುವ ಮಾಣಿಗೂ ರಜೆಯೆಂದರೆ ಧಣಿಗಳ ಕೃಪೆಯೆಂದೇ ತೋರುತ್ತದೆ. ಕೇಳಲು ಸಂಕೋಚ, ಕೇಳಿದರೆ ಸಂಬಳ ಮುರಿದಾರೆಂಬ ಭಯ. ಆದರೆ ಈ ಪ್ರಾಂತ್ಯದಲ್ಲಿ ಆಂಧ್ರಪ್ರದೇಶದ ಕಾಲದಿಂದ ಬಂದ 1988ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯಲ್ಲಿ, 240 ದಿನ ಕೆಲಸ ಮಾಡಿದ ನೌಕರನಿಗೆ ಮುಂದಿನ ಹನ್ನೆರಡು ತಿಂಗಳಲ್ಲಿ 15 ದಿನಗಳ ಸಂಬಳಸಹಿತ ರಜೆ ಸಲ್ಲತಕ್ಕದ್ದೆಂದು ವಿಧಿಸಲಾಗಿದೆ. ಊಟೋಪಹಾರದ ಹೋಟೆಲುಗಳೂ ಆ ಕಾಯಿದೆಯ ವ್ಯಾಪ್ತಿಗೆ ಸೇರಿದವು. ಕಾಯಿದೆಯ ಪುಸ್ತಕದಲ್ಲಿರುವುದೆಲ್ಲ ಅಡುಗೆಮನೆಯವರೆಗೆ ತಲಪುವುದಿಲ್ಲವೆಂಬುದು ಬೇರೆ ಮಾತು. ಆದರೂ, ಇರುವ ಹಕ್ಕನ್ನು ಅರಿತು ಕೇಳುವವನ ಮಾತಿಗೂ, ಅರಿಯದೆ ಬೇಡುವವನ ಮಾತಿಗೂ ತೂಕದಲ್ಲಿ ಅಂತರವಿದೆ.

ಈ ಹಕ್ಕು ಲೋಕದಲ್ಲೆಲ್ಲ ತಾನಾಗಿ ಬಂದದ್ದಲ್ಲ. ಫ್ರಾನ್ಸ್ ದೇಶದಲ್ಲಿ 1936ರ ಜೂನ್ ತಿಂಗಳಿನಲ್ಲಿ, ಕಾರ್ಮಿಕರ ದೊಡ್ಡ ಮುಷ್ಕರಗಳ ನಡುವೆ, ಎಲ್ಲ ಕಾರ್ಮಿಕರಿಗೂ ವರ್ಷಕ್ಕೆ ಎರಡು ವಾರಗಳ ಸಂಬಳಸಹಿತ ರಜೆಯನ್ನು ಕೊಡುವ ಶಾಸನವಾಯಿತು. ಲಿಯೋ ಲಾಗ್ರಾಂಜ್ ಎಂಬ ಉಪಮಂತ್ರಿ ಅಷ್ಟಕ್ಕೇ ತೃಪ್ತನಾಗಲಿಲ್ಲ. ರಜೆ ಸಿಕ್ಕಿಯೂ ಕೈಯಲ್ಲಿ ಕಾಸಿಲ್ಲದಿದ್ದರೆ ಕಾರ್ಮಿಕನು ಮನೆಯ ಗೋಡೆಯನ್ನು ನೋಡುತ್ತ ಕುಳಿತಿರಬೇಕಷ್ಟೆ ಎಂದರಿತು, ರೈಲು ಟಿಕೇಟಿನಲ್ಲಿ ಶೇಕಡಾ 40ರಷ್ಟು ರಿಯಾಯಿತಿ ದೊರೆಯುವಂತೆ ಮಾಡಿದನು. ಆ ಬೇಸಗೆಯಲ್ಲಿ ಎಷ್ಟೋ ಮಂದಿ ಗಿರಣಿ ಕೆಲಸಗಾರರು ತಮ್ಮ ಜೀವಮಾನದಲ್ಲಿ ಮೊತ್ತಮೊದಲು ಸಮುದ್ರವನ್ನು ಕಂಡರು. ಅದೇ ವರ್ಷ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ ಸಂಬಳಸಹಿತ ರಜೆಯ ಬಗ್ಗೆ ಒಡಂಬಡಿಕೆಯೊಂದನ್ನು ಅಂಗೀಕರಿಸಿತು. ವಿಶ್ರಾಂತಿಯೂ ಕೂಲಿಯ ಒಂದು ಭಾಗವೆಂಬ ತತ್ತ್ವ ಹೀಗೆ ನೆಲೆಗೊಂಡಿತು.

ಊರಿಗೆ ಹೋಗುವುದೇ ವಿಹಾರವೇ?

ನಮ್ಮಲ್ಲಿ ರಜೆಯೆಂದರೆ ಊರಿಗೆ ಹೋಗುವುದು. ಅದು ಸಹಜವೇ ಸರಿ. ಹೆತ್ತವರೂ, ಕಟ್ಟಿಕೊಂಡವಳೂ, ಮಕ್ಕಳೂ ಅಲ್ಲಿರುವಾಗ ಮತ್ತೆಲ್ಲಿಗೆ ಹೋಗಬೇಕು? ಆದರೆ ಆ ಹದಿನೈದು ದಿನಗಳು ಹೇಗೆ ಕಳೆದುಹೋಗುತ್ತವೆಂದು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಎರಡು ದಿನ ಪ್ರಯಾಣದ ಆಯಾಸ. ಒಂದು ದಿನ ತಾಲೂಕು ಕಚೇರಿಯಲ್ಲಿ ಪಹಣಿ. ಒಂದು ದಿನ ಸೊಸೈಟಿಯಲ್ಲಿ ಸಾಲದ ಕಂತು. ಮಾಡಿನ ಹಂಚು ಬದಲಿಸುವುದಕ್ಕೆ ಎರಡು ದಿನ. ಒಂದು ಮದುವೆ, ಒಂದು ಉಪನಯನ, ಒಂದು ಬೊಜ್ಜ. ದೂರದ ನಂಟರ ಮನೆಗಳಿಗೆ ಹೋಗದಿದ್ದರೆ ಮುನಿಸು, ಹೋದರೆ ಖರ್ಚು. ಹದಿನಾಲ್ಕನೆಯ ದಿನ ಚೀಲ ಕಟ್ಟುವಾಗ, ಬಂದಾಗ ಇದ್ದುದಕ್ಕಿಂತ ಹೆಚ್ಚಿನ ದಣಿವು ಮೈಯಲ್ಲಿರುತ್ತದೆ.

ಇದಕ್ಕಿಂತ ಮಿಗಿಲಾದ ನಷ್ಟ ಮತ್ತೊಂದಿದೆ. ವರ್ಷಕ್ಕೊಮ್ಮೆ ಬರುವ ತಂದೆಯನ್ನು ಚಿಕ್ಕ ಮಕ್ಕಳು ನೆಂಟನಂತೆ ಕಾಣುತ್ತವೆ. ಅವನು ತಂದ ಮಿಠಾಯಿಯನ್ನು ಬಲ್ಲವು. ಅವನನ್ನು ಅಷ್ಟಾಗಿ ಬಲ್ಲವಲ್ಲ. ಅವನೊಡನೆ ಆಡಿದ, ನಕ್ಕ, ನೀರಿನಲ್ಲಿ ಕಾಲು ನೆನೆಸಿದ ಒಂದೇ ಒಂದು ದಿನವಾದರೂ ಅವುಗಳ ನೆನಪಿನಲ್ಲಿ ಉಳಿಯಬೇಡವೇ? ಗುಮಾಸ್ತೆಯ ಸ್ಥಿತಿ ಬೇರೆ ಬಗೆಯದು. ಅವನ ಸಂಸಾರ ಮಲ್ಕಾಜ್‌ಗಿರಿಯ ಎರಡು ಕೋಣೆಗಳ ಬಾಡಿಗೆಯ ಮನೆಯಲ್ಲಿ ಅವನ ಜೊತೆಯಲ್ಲಿಯೇ ಇದೆ. ಆದರೆ ಅವನ ಮಕ್ಕಳು ಕಡಲನ್ನು ಪಠ್ಯಪುಸ್ತಕದ ನಕ್ಷೆಯಲ್ಲಿ ಮಾತ್ರ ಕಂಡಿವೆ. ಇಬ್ಬರಿಗೂ ನಾವು ಹೇಳುವುದು ಒಂದೇ: ಹದಿನೈದು ದಿನಗಳಲ್ಲಿ ಎರಡು ದಿನಗಳನ್ನು ಯಾವ ಕಾರ್ಯಕ್ಕೂ, ಯಾವ ನಂಟರಿಗೂ ಕೊಡದೆ, ನಿಮ್ಮ ಸಂಸಾರಕ್ಕೆಂದೇ ಎತ್ತಿಡಿ. ದ್ವೀಪವು ಅದಕ್ಕೊಂದು ನೆವ.

ದೂರದ ದ್ವೀಪಗಳ ಮಾತು

ದ್ವೀಪವೆಂದೊಡನೆ ಎಲ್ಲರ ಬಾಯಲ್ಲೂ ಬರುವುದು ಅಂಡಮಾನ್. ಹೈದರಾಬಾದಿನಿಂದ ವಿಮಾನವೇರಿದರೆ ಕೆಲವೇ ಗಂಟೆಗಳಲ್ಲಿ, 2024ರಿಂದ ಶ್ರೀ ವಿಜಯಪುರಂ ಎಂದು ಕರೆಯಲಾಗುತ್ತಿರುವ ಪೋರ್ಟ್ ಬ್ಲೇರನ್ನು ತಲಪಬಹುದು. 1896ರಿಂದ 1906ರವರೆಗೆ ಕಟ್ಟಿದ ಸೆಲ್ಯುಲರ್ ಸೆರೆಮನೆಯನ್ನು ಕಾಣುವುದು ಪ್ರತಿಯೊಬ್ಬ ಭಾರತೀಯನ ಕರ್ತವ್ಯವೆಂದರೂ ಸಲ್ಲುತ್ತದೆ. ಆದರೆ ನಾಲ್ವರ ವಿಮಾನದ ಟಿಕೇಟು, ಅಲ್ಲಿಂದ ಬೇರೆ ದ್ವೀಪಗಳಿಗೆ ಹಡಗಿನ ಟಿಕೇಟು, ಎಲ್ಲ ಸಾಮಾನೂ ಕಡಲು ದಾಟಿ ಬರುವ ಊರಿನ ಊಟ ವಸತಿ ಇವೆಲ್ಲ ಸೇರಿದಾಗ ಸಾಮಾನ್ಯ ಗುಮಾಸ್ತೆಯ ಹಲವು ತಿಂಗಳ ಉಳಿತಾಯ ಕರಗಿಹೋಗುತ್ತದೆ. ಚೆನ್ನೈ, ವಿಶಾಖಪಟ್ಟಣ, ಕೋಲ್ಕತ್ತಗಳಿಂದ ಹಡಗುಗಳೂ ಹೋಗುತ್ತವೆ. ಆದರೆ ಒಂದು ಕಡೆಯ ಯಾನಕ್ಕೇ ಎರಡು ಮೂರು ದಿನಗಳು ಬೇಕು. ಹದಿನೈದು ದಿನಗಳ ರಜೆಯಲ್ಲಿ ಅದು ದೊಡ್ಡ ಪಾಲು.

ಕೇಂದ್ರ ಸರಕಾರದ ನೌಕರಿಯಲ್ಲಿರುವ ವಾಚಕರು ಮಾತ್ರ ಅಂಡಮಾನಿನ ಆಸೆಯನ್ನು ಬಿಡಬೇಕಾಗಿಲ್ಲ. ನಾಲ್ಕು ವರ್ಷಗಳ ಒಂದು ಅವಧಿಯಲ್ಲಿ ಭಾರತದ ಯಾವ ಮೂಲೆಗಾದರೂ ಒಮ್ಮೆ ಹೋಗಿಬರುವ ರಜಾ ಪ್ರಯಾಣ ರಿಯಾಯಿತಿ ಅವರಿಗಿದೆ. 2022ರಿಂದ 2025ರವರೆಗಿನ ಅವಧಿಯ ಬಳಿಕ 2026ರಿಂದ 2029ರವರೆಗಿನದು. ಸ್ವಂತ ಊರಿನ ಪ್ರಯಾಣಕ್ಕೆ ಬದಲಾಗಿ ಅಂಡಮಾನಿಗೆ ಹೋಗಲು, ವಿಮಾನದ ಅರ್ಹತೆಯಿಲ್ಲದವರೂ ಚೆನ್ನೈ, ವಿಶಾಖಪಟ್ಟಣ ಅಥವಾ ಕೋಲ್ಕತ್ತದಿಂದ ವಿಮಾನವೇರಲು ಅವಕಾಶ ಕೊಡುವ ವಿಶೇಷ ಯೋಜನೆಯನ್ನು 2014ರಿಂದೀಚೆಗೆ ಎರಡೆರಡು ವರ್ಷಗಳಂತೆ ಮುಂದುವರಿಸುತ್ತ ಬಂದಿದ್ದಾರೆ. ಹೊರಡುವ ಮುನ್ನ ಆ ಹೊತ್ತಿಗೆ ಜಾರಿಯಲ್ಲಿರುವ ಆದೇಶವನ್ನು ಕಚೇರಿಯಲ್ಲಿ ಓದಿಸಿಕೊಳ್ಳಬೇಕು. ಟಿಕೇಟು ಕೊಂಡ ಮೇಲೆ ನಿಯಮ ಕೇಳುವುದು ತರವಲ್ಲ.

ಲಕ್ಷದ್ವೀಪದ ಸಂಗತಿ ನಮಗೆ ಇನ್ನೂ ಹತ್ತಿರದ್ದು. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರ ಎಂಬ ಉತ್ತರದ ದ್ವೀಪಗಳು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನ ಆಳ್ವಿಕೆಗೆ ಸೇರಿದ್ದವು. 1799ರಲ್ಲಿ ಆತನ ಪತನವಾದ ಮೇಲೆ ಅವು ಇಂಗ್ಲಿಷರ ಕೈಸೇರಿ, 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು. ಅಲ್ಲಿಯ ಜನ ತೆಂಗಿನ ನಾರಿನ ಹುರಿಯನ್ನು ಓಡಗಳಲ್ಲಿ ತುಂಬಿಕೊಂಡು ಮಂಗಳೂರಿಗೆ ಬಂದು, ಪ್ರತಿಯಾಗಿ ಅಕ್ಕಿಯನ್ನು ಒಯ್ಯುತ್ತಿದ್ದರು. ಇಂದು ಆ ದ್ವೀಪಗಳಿಗೆ ಹೋಗಬೇಕಾದರೆ ಪರವಾನಗಿ ಪಡೆಯಬೇಕು. ಪ್ರಯಾಣಿಕರ ಹಡಗುಗಳು ಮುಖ್ಯವಾಗಿ ಕೊಚ್ಚಿಯಿಂದ ಹೊರಡುತ್ತವೆ. ಆದಕಾರಣ ಅದೂ ಅಗ್ಗದ ವಿಹಾರವಲ್ಲ. ಕೂಡಿಟ್ಟ ಹಣವೂ ಬಿಡುವೂ ಹೆಚ್ಚಾದಂದು ನೋಡೋಣ.

ಮಲ್ಪೆಯ ಎದುರಿನ ತೋನ್ಸೆ ಪಾರ್

ಹಾಗಾದರೆ ಅಗ್ಗದ ದ್ವೀಪ ಯಾವುದು? ಉಡುಪಿಯಿಂದ ನಾಲ್ಕು ಮೈಲಿಯಷ್ಟು ಪಶ್ಚಿಮಕ್ಕೆ ಮಲ್ಪೆ ಬಂದರು. ಅಲ್ಲಿ ದೋಣಿಯೇರಿದರೆ ಅರ್ಧ ಗಂಟೆಯೊಳಗೆ ಸೇಂಟ್ ಮೇರೀಸ್ ದ್ವೀಪ. ಊರಿನವರ ಬಾಯಲ್ಲಿ ಅದಕ್ಕೆ ತೋನ್ಸೆ ಪಾರ್ ಎಂದು ಹೆಸರು. ಕುಂದಾಪುರ, ಬ್ರಹ್ಮಾವರ, ಉಡುಪಿ, ಕಾಪುಗಳ ಸುತ್ತಿನಿಂದ ಬಂದ ನಮ್ಮ ಹೋಟೆಲು ಬಂಧುಗಳಲ್ಲಿ ಇದರ ಹೆಸರನ್ನು ಕೇಳದವರಿಲ್ಲ. ಆದರೆ ಅದರ ಮೇಲೆ ಕಾಲಿಟ್ಟವರೆಷ್ಟು ಮಂದಿ ಎಂದು ವಿಚಾರಿಸಿದರೆ ಕೈಯೆತ್ತುವವರು ವಿರಳ. ಊರಿನಲ್ಲಿದ್ದಾಗ ಚಿಕ್ಕ ಪ್ರಾಯ, ಕೈಯಲ್ಲಿ ಕಾಸಿಲ್ಲ. ಪರವೂರಿಗೆ ಬಂದಮೇಲೆ ಬಿಡುವಿಲ್ಲ. ಎಲ್ಲಿಂದಲೋ ಬಂದ ಪ್ರವಾಸಿಗಳು ನೋಡಿಹೋಗುವ ಸೋಜಿಗವನ್ನು ಅದರ ಎದುರಿನಲ್ಲೇ ಹುಟ್ಟಿದವರು ನೋಡದೆ ಉಳಿದಿದ್ದಾರೆ.

ಇದು ಒಂದೇ ದ್ವೀಪವಲ್ಲ, ತೆಂಕುಬಡಗಾಗಿ ಚಾಚಿಕೊಂಡ ದ್ವೀಪಗಳ ಸಾಲು. ಜನರು ಹೋಗಿ ನೋಡುವುದು ತೆಂಗಿನ ದ್ವೀಪವನ್ನು. ದರಿಯಾ ಬಹಾದ್ದೂರ್‌ಗಡ ಎಂಬ ಇನ್ನೊಂದರಲ್ಲಿ ಬಿದನೂರಿನ ಬಸಪ್ಪ ನಾಯಕನು ಕೋಟೆ ಕಟ್ಟಿಸಿದನೆಂದು ಹೇಳಿಕೆ. 1498ರಲ್ಲಿ ಪೋರ್ಚುಗೀಸ್ ನಾವಿಕ ವಾಸ್ಕೋ ಡ ಗಾಮನು ಇಲ್ಲಿ ಇಳಿದು, ಮೇರಿ ಮಾತೆಯ ಹೆಸರನ್ನಿಟ್ಟನೆಂಬುದು ಪರಂಪರೆಯ ಮಾತು. ಮಲ್ಪೆಯ ಕಡಲಿನಲ್ಲಿಯೇ ದ್ವಾರಕೆಯ ಹಡಗೊಂದು ಬಿರುಗಾಳಿಗೆ ಸಿಲುಕಿದಾಗ ಮಧ್ವಾಚಾರ್ಯರು ಅದನ್ನು ದಡ ಸೇರಿಸಿ, ಅದರಲ್ಲಿದ್ದ ಗೋಪೀಚಂದನದ ಗಡ್ಡೆಯಿಂದ ಕೃಷ್ಣನ ವಿಗ್ರಹವನ್ನು ಪಡೆದರೆಂಬ ಐತಿಹ್ಯವನ್ನು ನಮ್ಮವರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ಆದರೆ ದ್ವೀಪದ ನಿಜವಾದ ಹಿರಿಮೆ ಅದರ ಕಲ್ಲಿನಲ್ಲಿದೆ. ಬಡಗಿಯೊಬ್ಬನು ಮೂಲೆಮೂಲೆಗಳನ್ನು ಕೆತ್ತಿ ನಿಲ್ಲಿಸಿದಂತೆ, ಐದು, ಆರು, ಏಳು ಮುಖಗಳ ಕಲ್ಲುಕಂಬಗಳು ಒತ್ತೊತ್ತಾಗಿ ನಿಂತಿವೆ. ಕೆಲವು ಮೂರಾಳೆತ್ತರಕ್ಕೂ ಇವೆ. ಇವನ್ನು ಯಾರೂ ಕೆತ್ತಿದ್ದಲ್ಲ. ಭೂಗರ್ಭದಿಂದ ಉಕ್ಕಿಬಂದ ಕರಗಿದ ಕಲ್ಲು ಮೆಲ್ಲಮೆಲ್ಲನೆ ಆರುವಾಗ, ಬತ್ತಿದ ಕೆರೆಯ ಕೆಸರು ಬಿರುಕು ಬಿಡುವಂತೆ, ಕುಗ್ಗಿ ಬಿರಿದು ಕಂಬಗಳಾದವು. ಇವು ಸುಮಾರು 8.8 ಕೋಟಿ ವರ್ಷಗಳ ಹಿಂದಿನವು. ಮಡಗಾಸ್ಕರ್ ದ್ವೀಪವು ನಮ್ಮ ಪಶ್ಚಿಮ ತೀರದಿಂದ ಬೇರ್ಪಟ್ಟ ಕಾಲದವು ಎಂದು ಭೂವಿಜ್ಞಾನಿಗಳು ನಿರ್ಧರಿಸಿದ್ದಾರೆ. ಬೀದರ, ಕಲಬುರಗಿಗಳ ಕರಿಯ ನೆಲಕ್ಕೆ ಕಾರಣವಾದ ದಖ್ಖನದ ಲಾವಾಶಿಲೆ ಸುಮಾರು 6.6 ಕೋಟಿ ವರ್ಷಗಳದು. ಅದಕ್ಕಿಂತಲೂ ಈ ಕಂಬಗಳು ಹಿರಿಯವು. ಆದರೆ ನಮ್ಮ ನೆರೆಯ ಮೌಲಾಲಿ ಗುಡ್ಡದ ಕಗ್ಗಲ್ಲು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದು; ಅದರ ಮುಂದೆ ಇವು ನಿನ್ನೆ ಮೊನ್ನೆಯ ಕೂಸುಗಳು! ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು 1979ರಲ್ಲಿ ಈ ದ್ವೀಪವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದರು. ಶಾಲೆಗೆ ಹೋಗುವ ಮಗುವಿಗೆ ಇದಕ್ಕಿಂತ ಉತ್ತಮವಾದ ಪಾಠ ಬೇರೊಂದಿಲ್ಲ. ಶುಲ್ಕವೆಂದರೆ ದೋಣಿಯ ಬಾಡಿಗೆ.

ದೋಣಿಯ ಖರ್ಚೂ ಬೇಡವೆನ್ನುವವರಿಗೆ ನಮ್ಮ ಕುದ್ರುಗಳಿವೆ. ನದಿ ಕಡಲನ್ನು ಸೇರುವಲ್ಲಿ ನೀರಿನಿಂದ ಸುತ್ತುವರಿದ ನೆಲಕ್ಕೆ ಕರಾವಳಿಯವರು ಕುದ್ರು ಎನ್ನುತ್ತಾರೆ: ಕುಂದಾಪುರದ ಬದಿಯ ಕನ್ನಡಕುದ್ರು, ಕಲ್ಯಾಣಪುರದ ಬದಿಯ ಮೂಡುಕುದ್ರು, ಪಡುಕುದ್ರು. ತೆಂಗಿನ ತೋಟ, ಹಿನ್ನೀರು, ಬೆಳ್ಳಕ್ಕಿ, ಮೀನಿನ ಬಲೆ. ಚಿತ್ರದಲ್ಲಿ ಕಾಣುವ ಉಷ್ಣವಲಯದ ದ್ವೀಪವೆಂದರೆ ಇದಲ್ಲದೆ ಬೇರೇನು? ಅಲ್ಲಿ ಹುಟ್ಟಿದವರು ಇದನ್ನೋದಿ ನಗಬಹುದು. ಮಳೆಗಾಲದಲ್ಲಿ ಆಚೆಯ ದಡಕ್ಕೆ ದಾಟುವ ಕಷ್ಟ ಅವರಿಗೆ ಗೊತ್ತು. ಆ ಕಷ್ಟವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹೈದರಾಬಾದಿನಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಅಜ್ಜಿಯ ಮನೆಯ ಕುದ್ರುವೇ ಸಾಕಷ್ಟು ದೊಡ್ಡ ದ್ವೀಪ.

ಯಾವಾಗ ಹೊರಡಬೇಕು?

ಇಲ್ಲಿ ಎಚ್ಚರ ತಪ್ಪಿದರೆ ಖರ್ಚೆಲ್ಲ ವ್ಯರ್ಥ. ಮಳೆಗಾಲದಲ್ಲಿ ಕಡಲು ಕೆರಳಿರುತ್ತದೆ; ಜೂನ್ ತಿಂಗಳಿನಿಂದ ಸೆಪ್ಟೆಂಬರ್ ನಡುವಿನವರೆಗೆ ಸಾಮಾನ್ಯವಾಗಿ ದ್ವೀಪದ ದೋಣಿಗಳು ಹೊರಡುವುದಿಲ್ಲ. ಯಾಂತ್ರಿಕ ಮೀನುಗಾರಿಕೆಗೇ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿದೆ. ಆದ್ದರಿಂದ ಅಕ್ಟೋಬರಿನಿಂದ ಮೇ ತಿಂಗಳವರೆಗಿನ ಕಾಲವೇ ಯೋಗ್ಯ. ಅದರಲ್ಲಿಯೂ ಎರಡು ಹೊತ್ತುಗಳಿವೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಮಕ್ಕಳಿಗೆ ದೀರ್ಘ ರಜೆ. ಆದರೆ ಬಿಸಿಲು ಕಡು, ರೈಲಿನಲ್ಲಿ ನೂಕುನುಗ್ಗಲು, ಮದುವೆಗಳ ಭರಾಟೆ. ಅಕ್ಟೋಬರಿನಲ್ಲಿ ದಸರಾ ರಜೆ. ಮಳೆ ನಿಂತು ನೆಲ ಹಸುರಾಗಿರುತ್ತದೆ. ನವರಾತ್ರಿಯ ಗಿರಾಕಿ ಮುಗಿದ ಮರುದಿನ ಹೊರಡುವುದಾದರೆ ಧಣಿಗಳಿಗೂ ತೊಂದರೆಯಿಲ್ಲ. ನಮ್ಮ ಶಿಫಾರಸು ಅಕ್ಟೋಬರಿಗೆ.

ದೀಪಾವಳಿಯ ನಂತರ ಹೋಗುವವರಿಗೆ ಮತ್ತೊಂದು ಲಾಭವಿದೆ. ಯಕ್ಷಗಾನದ ಮೇಳಗಳು ಆಗ ತಿರುಗಾಟ ಹೊರಟು, ಮೇ ಕೊನೆಯ ಪತ್ತನಾಜೆಯವರೆಗೆ ಊರೂರಿನಲ್ಲಿ ಆಟವಾಡುತ್ತವೆ. ಹರಕೆಯ ಆಟಕ್ಕೆ ಟಿಕೇಟಿಲ್ಲ. ಹಗಲು ದ್ವೀಪ, ರಾತ್ರಿ ಬಯಲಾಟ ಇದ್ದರೆ ಯಾವ ಶ್ರೀಮಂತನ ವಿಹಾರ ಇದಕ್ಕೆ ಸಮ? ಉಡುಪಿಯಲ್ಲಿ ತಂಗಬೇಕೆನ್ನುವವರು ಮಾತ್ರ, ಎರಡು ವರ್ಷಗಳಿಗೊಮ್ಮೆ ಜನವರಿಯಲ್ಲಿ ನಡೆಯುವ ಪರ್ಯಾಯದ ದಿನಗಳನ್ನು ತಪ್ಪಿಸುವುದು ಲೇಸು. ಆಗ ಕೋಣೆ ಸಿಗುವುದೂ ಕಷ್ಟ, ಸಿಕ್ಕಿದರೆ ಬಾಡಿಗೆಯೂ ಹೆಚ್ಚು.

ಪ್ರಯಾಣದ ಏರ್ಪಾಡು

ಮುಂಚೆ ಹೈದರಾಬಾದಿನಿಂದ ಉಡುಪಿಗೆ ಹೋಗುವುದೆಂದರೆ ಬಸ್ಸು ಬದಲಿಸಿ ಘಟ್ಟವಿಳಿಯುವ ತಾಪತ್ರಯ. ಕೊಂಕಣ ರೈಲುಮಾರ್ಗದ ಮಂಗಳೂರು-ಉಡುಪಿ ಭಾಗ 1993ರಲ್ಲಿ ತೆರೆದು, ಇಡೀ ಮಾರ್ಗ 1998ರಲ್ಲಿ ಪೂರ್ಣವಾಯಿತು. ಕಾಚಿಗುಡದಿಂದ ಮಂಗಳೂರಿಗೆ ವಾರಕ್ಕೆ ಎರಡು ದಿನ ಹೋಗುತ್ತಿದ್ದ ರೈಲನ್ನು 2024ರ ಅಕ್ಟೋಬರಿನಲ್ಲಿ ಉಡುಪಿ, ಕುಂದಾಪುರಗಳ ಮೇಲಾಗಿ ಮುರುಡೇಶ್ವರದವರೆಗೆ ವಿಸ್ತರಿಸಿದರು. ಇದು ಸೇಲಂ, ಕೊಯಮತ್ತೂರು, ಶೋರನೂರು, ಕಾಸರಗೋಡುಗಳನ್ನು ಬಳಸಿಕೊಂಡು ಹೋಗುವುದರಿಂದ ಒಂದು ಹಗಲು ಒಂದು ರಾತ್ರಿಗೂ ಮಿಕ್ಕಿದ ಪ್ರಯಾಣ. ಆದರೆ ಮಲ್ಕಾಜ್‌ಗಿರಿಯವರಿಗೆ ಕಾಚಿಗುಡ ಹತ್ತಿರ. ಒಮ್ಮೆ ಹತ್ತಿ ಕುಳಿತರೆ ಊರಿನಲ್ಲಿಯೇ ಇಳಿಯಬಹುದು. ಗಂಟುಮೂಟೆ ಹೊತ್ತು ಗಾಡಿ ಬದಲಿಸುವ ಗೋಳಿಲ್ಲ. ಹೊರಡುವ ದಿನ, ವೇಳೆಗಳನ್ನು ಟಿಕೇಟು ಕೊಳ್ಳುವಾಗಲೇ ನಿಶ್ಚಯಿಸಿಕೊಳ್ಳಬೇಕು.

ಟಿಕೇಟಿನ ಬಗ್ಗೆ ಎರಡು ಮಾತು. 2024ರ ನವೆಂಬರ್ 1ರಿಂದ, ಹೊರಡುವ ದಿನಕ್ಕೆ 60 ದಿನ ಮುಂಚೆ ರಿಸರ್ವೇಶನ್ ಆರಂಭವಾಗುತ್ತದೆ. ಮೊದಲಿದ್ದ 120 ದಿನಗಳ ಅವಧಿ ಈಗಿಲ್ಲ. ವಾರಕ್ಕೆ ಎರಡೇ ದಿನದ ಗಾಡಿಯಾದುದರಿಂದ ಆ ಅರುವತ್ತನೆಯ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ತತ್ಕಾಲಿನ ಭರವಸೆಯಲ್ಲಿ ಕುಳಿತವನು ಹೆಚ್ಚು ದರವನ್ನೂ ತೆರುತ್ತಾನೆ, ರಾತ್ರಿಯ ನಿದ್ದೆಯನ್ನೂ ಕಳೆದುಕೊಳ್ಳುತ್ತಾನೆ. ಐದು ವರ್ಷ ತುಂಬದ ಮಗುವಿಗೆ, ಪ್ರತ್ಯೇಕ ಬರ್ತ್ ಬೇಡವೆಂದರೆ, ಟಿಕೇಟು ಬೇಕಾಗಿಲ್ಲ. ಐದರಿಂದ ಹನ್ನೆರಡರೊಳಗಿನವರಿಗೆ ಬರ್ತ್ ಕೇಳದಿದ್ದರೆ ಅರ್ಧ ದರ, ಕೇಳಿದರೆ ಪೂರ್ತಿ ದರ. ಇಷ್ಟು ದೀರ್ಘ ಪ್ರಯಾಣದಲ್ಲಿ ಹತ್ತು ವರ್ಷದ ಮಗುವಿಗೆ ಬರ್ತ್ ತೆಗೆದುಕೊಳ್ಳುವುದೇ ವಿವೇಕ. ಮೂರು ವರ್ಷದ್ದನ್ನು ಮಡಿಲಲ್ಲಿ ಮಲಗಿಸಬಹುದು.

ಹಣದ ಲೆಕ್ಕ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಹಿರಿಯರ ಮಾತು. ಹಾಸಿಗೆಯನ್ನು ಸ್ವಲ್ಪ ಸ್ವಲ್ಪವಾಗಿ ಉದ್ದಮಾಡಿಕೊಳ್ಳಬಾರದೆಂದು ಅವರೇನೂ ಹೇಳಲಿಲ್ಲ! ದಿನಕ್ಕೆ 20 ರೂಪಾಯಿಯಂತೆ ಎತ್ತಿಟ್ಟರೆ ತಿಂಗಳಿಗೆ 600, ಹತ್ತು ತಿಂಗಳಿಗೆ 6,000 ರೂಪಾಯಿ. ಗಿರಾಕಿಗಳು ತಟ್ಟೆಯಲ್ಲಿ ಬಿಟ್ಟುಹೋಗುವ ಟಿಪ್ಸಿನಿಂದಲೇ ಸಪ್ಲಾಯರನೊಬ್ಬನು ಇಷ್ಟನ್ನು ಉಳಿಸಬಲ್ಲನು. ಗುಮಾಸ್ತೆಯು ತಿಂಗಳಿಗೆ 1,500ರಂತೆ ಬ್ಯಾಂಕಿನಲ್ಲಿ ಒಂದು ವರ್ಷದ ಆವರ್ತ ಠೇವಣಿ ಇಟ್ಟರೆ, ಬಡ್ಡಿಯನ್ನು ಬಿಟ್ಟು 18,000 ರೂಪಾಯಿ ಕೂಡುತ್ತದೆ. ಅಂಚೆ ಕಚೇರಿಯ ಆವರ್ತ ಠೇವಣಿ ಐದು ವರ್ಷಗಳದಾದುದರಿಂದ ಈ ಕೆಲಸಕ್ಕೆ ಬ್ಯಾಂಕಿನದೇ ಅನುಕೂಲ. ಹಣವನ್ನು ಧಣಿಗಳ ಗಲ್ಲೆಯಲ್ಲಿ ಬಿಡುವ ಹಳೆಯ ರೂಢಿ ನಮ್ಮಲ್ಲಿದೆ. ಲೆಕ್ಕ ಪ್ರಾಮಾಣಿಕವಾಗಿದ್ದರೂ, ಕೈಗೆಟುಕುವ ಹಣ ಬಲುಬೇಗ ಬೇರೆ ಕಾರಣಕ್ಕೆ ಕರಗುತ್ತದೆ.

ಕೂಡಿದ ಹಣವನ್ನು ಐದು ಬಾಬುಗಳಾಗಿ ವಿಂಗಡಿಸಬೇಕು: ರೈಲು, ವಸತಿ, ಊಟ, ದೋಣಿ, ಕಾಪಿಟ್ಟ ಹಣ. ಊರಿನಲ್ಲಿ ಮನೆಯಿರುವವನಿಗೆ ವಸತಿಯ ಖರ್ಚಿಲ್ಲ. ಹೇಗೂ ಊರಿಗೆ ಹೋಗುವವನಿಗೆ ರೈಲಿನ ಖರ್ಚು ಹೊಸತಲ್ಲ. ಹಾಗಾದರೆ ದ್ವೀಪಕ್ಕಾಗಿ ಅವನು ನಿಜವಾಗಿ ಮಾಡುವ ಹೆಚ್ಚಿನ ಖರ್ಚು ಮನೆಯಿಂದ ಮಲ್ಪೆಗೆ ಬಸ್ಸು, ದೋಣಿಯ ಟಿಕೇಟು, ಮಕ್ಕಳಿಗೆ ಒಂದಿಷ್ಟು ತಿಂಡಿ, ಇಷ್ಟೇ! ಇದೇ ನಮ್ಮ ಲೆಕ್ಕದ ಗುಟ್ಟು. ದೂರದ ದ್ವೀಪದ ಖರ್ಚಿನಲ್ಲಿ ಬಹುಪಾಲು ಅಲ್ಲಿಗೆ ತಲಪುವುದಕ್ಕೇ ಸಲ್ಲುತ್ತದೆ. ಹತ್ತಿರದ ದ್ವೀಪದಲ್ಲಿ ಆ ಖರ್ಚನ್ನು ನಾವು ಹೇಗೂ ಮಾಡುತ್ತಲೇ ಇದ್ದೇವೆ. ಉಡುಪಿಯಲ್ಲಿ ಬಂಧುಗಳಿಲ್ಲದ ಗುಮಾಸ್ತೆಯ ಸಂಸಾರ ಎರಡು ರಾತ್ರಿ ತಂಗಬೇಕಾದೀತು. ಕೃಷ್ಣಮಠದ ಅನ್ನಪ್ರಸಾದ ಯಾತ್ರಿಕರಿಗೆಲ್ಲ ಉಂಟು. ಒಟ್ಟು ಹಣದ ಹತ್ತರಲ್ಲೊಂದು ಪಾಲನ್ನು ಮುಟ್ಟದೆ ಇಡಬೇಕು. ಜ್ವರ ಬಂದರೆ, ಗಾಡಿ ತಪ್ಪಿದರೆ ಅದು ಬೇಕಾಗುತ್ತದೆ. ಏನೂ ಆಗದಿದ್ದರೆ ಮುಂದಿನ ವರ್ಷದ ಬುನಾದಿಯಾಗುತ್ತದೆ.

ಆ ರೈಲಿನ ಕೊನೆಯ ನಿಲ್ದಾಣವಾದ ಮುರುಡೇಶ್ವರದ ಎದುರಿನ ಕಡಲಿನಲ್ಲಿ ನೇತ್ರಾಣಿ ದ್ವೀಪವಿದೆ. ಅಲ್ಲಿ ಮುಳುಗುಡುಗೆ ತೊಟ್ಟು ನೀರಿನಡಿಯ ಹವಳವನ್ನೂ ಮೀನುಗಳನ್ನೂ ನೋಡುವ ಏರ್ಪಾಡುಗಳಿವೆ. ಅದು ಸೊಗಸಾದುದೇ, ಆದರೆ ತಲೆಯೊಂದಕ್ಕೆ ತೆರಬೇಕಾದ ಹಣ ನಮ್ಮ ಈ ಲೆಕ್ಕದ ಮಿತಿಯನ್ನು ಮೀರುತ್ತದೆ.

ಕಡಲಿನೊಡನೆ ಹುಡುಗಾಟ ಬೇಡ

ದ್ವೀಪದಲ್ಲಿ ರಾತ್ರಿ ತಂಗಲು ಅವಕಾಶವಿಲ್ಲ. ಬೆಳಗ್ಗೆ ಹೋಗಿ ಸಂಜೆಯೊಳಗೆ ಮರಳಬೇಕು. ಬೆಳಗಿನ ಮೊದಲ ದೋಣಿಗಳೇ ಹಿತ. ಹೊತ್ತೇರಿದಂತೆ ಕಲ್ಲೂ ಮರಳೂ ಕಾಯುತ್ತವೆ. ಟೊಪ್ಪಿಗೆ, ಕುಡಿಯುವ ನೀರು, ಒಂದು ಜೊತೆ ಒಣಬಟ್ಟೆ ಜೊತೆಗಿರಲಿ. ಪ್ಲಾಸ್ಟಿಕ್ಕಿನ ಕಸವನ್ನು ಅಲ್ಲಿ ಚೆಲ್ಲುವುದು ನಮ್ಮ ಮನೆಯಂಗಳವನ್ನು ನಾವೇ ಕೊಳಕು ಮಾಡಿದಂತೆ. ಎಲ್ಲಕ್ಕಿಂತ ಮುಖ್ಯವಾದುದು ನೀರಿನ ಭಯ. ಕಂಬಗಳ ಬುಡದಲ್ಲಿ ಬಂಡೆ ಪಾಚಿಗಟ್ಟಿ ಜಾರುತ್ತದೆ, ಅಲೆಯ ಸೆಳೆತ ಕಣ್ಣಿಗೆ ಕಾಣುವುದಿಲ್ಲ. 2022ರ ಏಪ್ರಿಲಿನಲ್ಲಿ ಕೇರಳದಿಂದ ಪ್ರವಾಸ ಬಂದ ಕಾಲೇಜು ವಿದ್ಯಾರ್ಥಿಗಳು ಇಲ್ಲಿಯೇ ನೀರುಪಾಲಾದರು. ಹೆಂಡತಿ ಮಕ್ಕಳ ಮುಂದೆ ಧೈರ್ಯ ಪ್ರದರ್ಶಿಸುವ ಸ್ಥಳ ಅದಲ್ಲ. ಜೀವರಕ್ಷಕರು ಬೇಡವೆಂದ ಕಡೆ ಇಳಿಯಬಾರದು. ದೋಣಿಯಲ್ಲಿ ಕೊಟ್ಟ ಜಾಕೆಟನ್ನು ಮಕ್ಕಳಿಗೆ ಮೊದಲು ತೊಡಿಸಬೇಕು.

ಬಯಲುಸೀಮೆಯ ಬಂಧುಗಳಿಗೆ

ನಮ್ಮ ವಾಚಕರೆಲ್ಲರೂ ಕರಾವಳಿಯವರಲ್ಲ. 1956ರಲ್ಲಿ ಹೈದರಾಬಾದು ಸಂಸ್ಥಾನ ಹಂಚಿಹೋಗಿ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದಾಗ, ನೌಕರಿಯ ದೆಸೆಯಿಂದ ಇಲ್ಲಿಯೇ ಉಳಿದ ಕನ್ನಡ ಮನೆತನಗಳು ಅನೇಕ. ಅಂಥವರು ಉಡುಪಿಗೆ ಹೊರಡುವ ಮುನ್ನ, ಒಂದು ಭಾನುವಾರದ ಅಭ್ಯಾಸಕ್ಕಾಗಿ ಕುರುವಪುರವನ್ನು ನೋಡಬಹುದು. ರಾಯಚೂರು ತಾಲೂಕಿಗೆ ಸೇರಿದ ಈ ದ್ವೀಪ ಕೃಷ್ಣಾ ನದಿಯ ನಡುವೆ ಇದೆ. ತೆಲಂಗಾಣದ ಬದಿಯಿಂದ ಮಕ್ತಲ್ ಹತ್ತಿರದ ಪಂಚದೇವಪಹಾಡಿಗೆ ಹೋಗಿ, ಅಲ್ಲಿಂದ ನೀರಿನ ಮಟ್ಟ ನೋಡಿಕೊಂಡು ದೋಣಿಯಲ್ಲಿ ದಾಟುತ್ತಾರೆ. ಶ್ರೀಪಾದ ಶ್ರೀವಲ್ಲಭರ ಕ್ಷೇತ್ರವೆಂದು ದತ್ತಭಕ್ತರಿಗೆ ಅದು ಪೂಜ್ಯ. ಸುತ್ತಲೂ ನೀರಿರುವ ನೆಲದ ಮೇಲೆ ನಿಂತ ಅನುಭವ ಮಕ್ಕಳಿಗೆ ಅಲ್ಲಿಯೇ ಆದೀತು. ಆ ಬಳಿಕ ಕಡಲಿನ ಆಸೆ ತಾನಾಗಿ ಹುಟ್ಟುತ್ತದೆ.

ಹೋಟೆಲು ನಡೆಸುವ ಹಿರಿಯರಲ್ಲಿಯೂ ನಮ್ಮದೊಂದು ಬಿನ್ನಹವಿದೆ. ತಾವೂ ಒಂದು ಕಾಲದಲ್ಲಿ ಪರವೂರಿನ ಮಾಣಿಗಳಾಗಿ ಬಂದವರೇ ಅನೇಕರು. ವರ್ಷದ ಆರಂಭದಲ್ಲಿಯೇ ಕೆಲಸಗಾರರನ್ನು ಕರೆದು, ಯಾರು ಯಾವ ತಿಂಗಳು ಊರಿಗೆಂದು ಸರದಿಯ ಪಟ್ಟಿಯೊಂದನ್ನು ಬರೆದು ಗೋಡೆಗೆ ಅಂಟಿಸಿದರೆ, ಹಬ್ಬದ ಹೊತ್ತಿನಲ್ಲಿ ಹೇಳದೆ ಕೇಳದೆ ಹೋದನೆಂಬ ದೂರೂ ಇರದು, ರಜೆ ಕೊಡಲಿಲ್ಲವೆಂಬ ಕೊರಗೂ ಇರದು. ಮೈಮನ ತಣಿದು ಬಂದವನ ಕೈಯ ಕೆಲಸ ಗಿರಾಕಿಗೂ ತಿಳಿಯುತ್ತದೆ.

ಇನ್ನು ದುಡಿಯುವ ಬಂಧುಗಳಿಗೆ. ದೇಶ ಸುತ್ತು, ಕೋಶ ಓದು ಎಂಬ ಮಾತು ಉಳ್ಳವರಿಗೆ ಮಾತ್ರ ಹೇಳಿದ್ದಲ್ಲ. ನಿಮ್ಮ ಮಕ್ಕಳು ದಿನದಿನಕ್ಕೆ ಬೆಳೆಯುತ್ತಿವೆ. ಅವುಗಳ ಬಾಲ್ಯ ನಿಮ್ಮ ಸಂಬಳದ ಏರಿಕೆಗಾಗಿ ಕಾಯುತ್ತ ನಿಲ್ಲುವುದಿಲ್ಲ. ಇಂದೇ ಒಂದು ಕಾಗದ ತೆಗೆದುಕೊಂಡು, ಬರುವ ಅಕ್ಟೋಬರಿನ ತಾರೀಖನ್ನು ಸ್ಪಷ್ಟವಾಗಿ ಬರೆದು, ಧಣಿಗಳಿಗೋ ಮೇಲಧಿಕಾರಿಗಳಿಗೋ ರಜೆಯ ಅರ್ಜಿ ಕೊಡಿ. ಅದರ ಒಂದು ಪ್ರತಿಯನ್ನು ಊರಿಗೂ ಕಳುಹಿಸಿ. ಮಲ್ಪೆಯ ದೋಣಿಗೆ ಎಷ್ಟು ಮಂದಿಯೆಂಬುದನ್ನು ಮನೆಯವರೇ ಎಣಿಸಿಟ್ಟಿರಲಿ.